ಮೂರನೇ ಟೇಕಿನ ಹಸಿರು ಕಾಯಿ

ನನ್ನ ಮೊದಲ ಕಿರುಚಿತ್ರದ ಫಲವನ್ನು ಉಂಡವಳು ನಾನು. ಅದರ ಶಿಕ್ಷೆಯನ್ನು ಅನುಭವಿಸಿದವರು ಕಾಫಿ ಹಣ್ಣು ಕೊಯ್ಯುವ ಒಬ್ಬ ಹೆಂಗಸು. ನನಗೆ ಬಹುಮಾನ ಬಂತು. ಅವರ ಕಾಯಂ ಕೆಲಸ ಹೋಯಿತು, ತೋಟದ ಆಳುಗಳ ಮನೆಸಾಲಿನಲ್ಲಿ ಹದಿನಾಲ್ಕು ವರ್ಷ ಬಾಳಿದ ಲೈನ್ ಮನೆ ಹೋಯಿತು. ಅವರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ತೋಟ ಇರುವುದು ಮೂಡಿಗೆರೆಯಿಂದ ದೇವರಮನೆಯ ಕಡೆಗೆ ಹೋಗುವ ದಾರಿಯಲ್ಲಿ. ಚಿಕ್ಕಮಗಳೂರಿನಲ್ಲಿ ಕಾಲೇಜು ಮುಗಿಸಿದ್ದ ನಾನು ಎರವಲು ಕ್ಯಾಮೆರಾ ಹಿಡಿದು, ದುಡಿಯುವ ಹೆಂಗಸರ ಬಗ್ಗೆ ಚಿತ್ರ ಮಾಡುತ್ತೇನೆಂದು ಅಲ್ಲಿಗೆ ಹೋದೆ. ಮಾಲೀಕರು ಕೇಳಿದ ಕೂಡಲೇ ಒಪ್ಪಿದರು. ಮೂರು ದಿನದ ಅನುಮತಿ, ಮಧ್ಯಾಹ್ನದ ಊಟ, ಓಡಾಡಲು ಜೀಪು. ಇಷ್ಟು ಧಾರಾಳ ಯಾಕೆ ಎಂಬ ಪ್ರಶ್ನೆ ನನ್ನಲ್ಲಿ ಅಂದೇ ಏಳಬೇಕಿತ್ತು. ಅವರ ಷರತ್ತು ಒಂದೇ: ಆಯಾ ದಿನ ಚಿತ್ರೀಕರಿಸಿದ್ದನ್ನು ಸಂಜೆ ಬಂಗಲೆಯಲ್ಲಿ ತಮಗೆ ತೋರಿಸಬೇಕು. ಅದನ್ನು ನಾನು ಕಲಾಸಕ್ತಿ ಎಂದು ತಿಳಿದೆ.

ಮೊದಲ ದಿನ ಅಕ್ಕ ಸಿಲ್ವರ್ ಓಕ್ ಮರದ ಬುಡದಲ್ಲಿ ಕುಳಿತು ಕ್ಯಾಮೆರಾದ ಮುಂದೆ ಮಾತಾಡಿದರು. "ನಾವು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಮೇಡಮ್ಮ. ಕುಡಿದ್ರೆ ಹೋಗೋದೆಲ್ಲಿಗೆ? ಗಿಡದ ಮರೆಗೆ ಹೋದ್ರೆ ಆಚೆ ಸಾಲಲ್ಲಿ ಮೇಸ್ತ್ರಿ ನಿಂತಿರ್ತಾನೆ. ಮಳೆಗಾಲದಲ್ಲಿ ಜಿಗಣೆ ಬೇರೆ. ಅದಕ್ಕೆ ಮಾನ ಮರ್ಯಾದೆ ಎಂಥದೂ ಇಲ್ಲ."

ಉಳಿದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುವಿನ ಹಿಂದಿದ್ದದ್ದು ಕಾನೂನಿನ ಉಲ್ಲಂಘನೆ: ಅಷ್ಟು ಹೆಂಗಸರು ದುಡಿಯುವ ಜಾಗದಲ್ಲಿ ಒಂದೂ ಶೌಚಾಲಯವಿರಲಿಲ್ಲ.

ಸಂಜೆ ಮಾಲೀಕರು ಆ ಮಾತನ್ನು ಎರಡು ಸಲ ಕೇಳಿಸಿಕೊಂಡರು. ಆಮೇಲೆ, ಹಿಂದೆ ನಿಂತಿದ್ದ ರೈಟರ್ ಕಡೆಗೆ, ಅಂದರೆ ತೋಟದ ಹಾಜರಿ ಬರೆಯುವ ಗುಮಾಸ್ತರ ಕಡೆಗೆ ತಿರುಗಿ, "ಇವಳು ಯಾವ ಲೈನಿನವಳು?" ಎಂದು ಕೇಳಿದರು. ರೈಟರ್ ಹೇಳಿದರು. "ಬೆಳಕು ಬಹಳ ಚೆನ್ನಾಗಿ ಹಿಡಿದಿದ್ದೀರಮ್ಮ," ಎಂದು ಮಾಲೀಕರು ನನ್ನನ್ನು ಹೊಗಳಿದರು. ಆ ಹೊಗಳಿಕೆಯಲ್ಲಿ ನಾನು ಅವರ ಪ್ರಶ್ನೆಯನ್ನು ಮರೆತೆ.

ಎರಡನೆಯ ದಿನ ಕೈಗಳ ದೃಶ್ಯ. ಕೊಂಬೆಯಿಂದ ಹಣ್ಣು ಬಿಡಿಸುವ ಬೆರಳುಗಳು ನನಗೆ ತೀರಾ ಹತ್ತಿರದಿಂದ ಬೇಕಿತ್ತು. ಮೊದಲ ಟೇಕಿನಲ್ಲಿ ನೆರಳು ಅಡ್ಡ ಬಂತು, ಎರಡನೆಯದರಲ್ಲಿ ಫೋಕಸ್ ತಪ್ಪಿತು. ಮೂರನೆಯದಕ್ಕೆ ಕೊಂಬೆಯಲ್ಲಿ ಹಣ್ಣೇ ಉಳಿದಿರಲಿಲ್ಲ.

"ಕಾಯಿಯಾದರೂ ಸರಿ, ಕೊಯ್ಯಿರಿ ಅಕ್ಕ. ಚಿತ್ರ ಕಪ್ಪು ಬಿಳುಪಿನದು, ಯಾರಿಗೂ ಗೊತ್ತಾಗಲ್ಲ," ಎಂದೆ.

"ಕಾಯಿ ಕುಯ್ದ್ರೆ ಬೈತಾರೆ ಮೇಡಮ್ಮ."

"ನಾನು ಹೇಳ್ತೀನಿ ಬಿಡಿ."

ಬಣ್ಣ ಶ್ರಮದ ಘನತೆಯನ್ನು ಮರೆಸುತ್ತದೆ ಎಂಬುದು ಆಗಿನ ನನ್ನ ಸಿದ್ಧಾಂತ. ಆ ಸಿದ್ಧಾಂತದ ಸಲುವಾಗಿ ಅಕ್ಕ ಮೂರು ಕೊಂಬೆಗಳ ಹಸಿರು ಕಾಯಿಯನ್ನು ಬುಟ್ಟಿಗೆ ಹಾಕಿಕೊಂಡರು.

ಸಂಜೆ ಎಲ್ಲರೂ ತಾವು ಕೊಯ್ದದ್ದನ್ನು ಗೋಣಿ ತಾಟಿನ ಮೇಲೆ ಸುರಿದು, ಬೆರೆತ ಕಾಯಿಗಳನ್ನು ತಾವೇ ಆರಿಸಿ ತೆಗೆಯುವುದು ರೂಢಿ. ನಾಲ್ಕು ಕಾಯಿ ಎಲ್ಲರ ಬುಟ್ಟಿಯಲ್ಲೂ ಇರುತ್ತವೆ. ಅಂದು ಮಾತ್ರ, ನನ್ನ ಕ್ಯಾಮೆರಾ ಓಡುತ್ತಿದ್ದಾಗಲೇ, ಮೇಸ್ತ್ರಿ ನೇರವಾಗಿ ಅಕ್ಕನ ಬಳಿಗೆ ಬಂದು, ಅವರ ಬುಟ್ಟಿಯನ್ನು ತಾನೇ ಮಗುಚಿದ.

"ಏನೇ ಇದು, ಉಪ್ಪಿನಕಾಯಿ ಹಾಕ್ತೀಯಾ?"

"ನಾನೇ ಹೇಳಿದ್ದು, ಶೂಟಿಂಗಿಗೆ ಬೇಕಿತ್ತು," ಎಂದೆ.

"ಶೂಟಿಂಗು ಅಂದ್ರೆ ಗಿಡಕ್ಕೆ ಅರ್ಥ ಆಗಲ್ಲ ಮೇಡಂ," ಎಂದವನು ಅಕ್ಕನ ಕಡೆ ತಿರುಗಿದ. "ನೀನು ನಾಳೆಯಿಂದ ಬರ್ಬೇಡ."

ಅಕ್ಕ ನನ್ನ ಮುಖ ನೋಡಿದರು. ಒಂದು ಗಂಟೆಯ ನಂತರ ನಾನು ಮಾಲೀಕರ ಎದುರಿಗೇ ಕುಳಿತಿದ್ದೆ. ಆ ದಿನದ ದೃಶ್ಯಗಳನ್ನು ತೋರಿಸಿದೆ, ಕಾಫಿ ಕುಡಿದೆ, ಅಕ್ಕನ ಮಾತೆತ್ತಲಿಲ್ಲ. ಇನ್ನೂ ಒಂದು ದಿನದ ಅನುಮತಿ ಬಾಕಿ ಇತ್ತು. ಇದು ಹೇಡಿತನ, ಬೇರೆ ಹೆಸರು ಹುಡುಕುವುದಿಲ್ಲ.

ಮೂರನೆಯ ದಿನ ಅಕ್ಕ ಕಾಣಲಿಲ್ಲ. "ಅವ್ಳಿಗೆ ಕೆಲಸ ಬೇಡವಂತೆ, ಬಿಟ್ಟು ಹೋದ್ಲು," ಎಂದರು ರೈಟರ್. ನಾನು ಇನ್ನೊಬ್ಬ ಹೆಂಗಸಿಗೆ ಅಕ್ಕ ಸೀರೆಯ ಮೇಲೆ ತೊಡುತ್ತಿದ್ದಂಥದೇ ತುಂಬುತೋಳಿನ ಅಂಗಿ ತೊಡಿಸಿ, ಬೆನ್ನ ಹಿಂದಿನಿಂದ ಚಿತ್ರೀಕರಿಸಿ ಚಿತ್ರ ಮುಗಿಸಿದೆ. ನೋಡಿದವರಲ್ಲಿ ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಅಕ್ಕನ ಕೆಲಸ ಹೋದದ್ದು ಕಾಯಿಗಾಗಿಯೋ ಮಾತಿಗಾಗಿಯೋ? ವರ್ಷಗಟ್ಟಲೆ ಈ ಅನುಮಾನ ನನ್ನನ್ನು ಬಿಡಲಿಲ್ಲ. ಮಾತಿಗೆ ಶಿಕ್ಷೆ ಕೊಡಲು ಅವರಿಗೊಂದು ನೆಪ ಬೇಕಿತ್ತು, ನೆಪವನ್ನು ಬುಟ್ಟಿಗೆ ತುಂಬಿಸಿದವಳು ನಾನು ಎಂದೇ ಇಂದು ನಂಬುತ್ತೇನೆ.

ಈ ವರ್ಷ ಮಳೆ ಹಿಡಿಯುವ ಮೊದಲು ಮೂಡಿಗೆರೆ ಬಸ್ ನಿಲ್ದಾಣದ ಹತ್ತಿರ ಅಕ್ಕ ಸಿಕ್ಕರು. ಸುತ್ತಿನ ತೋಟಗಳಿಗೆಲ್ಲ ದಿನಗೂಲಿ ಆಳು ಒದಗಿಸುವ ಗುತ್ತಿಗೆದಾರನ ಜೀಪಿಗೆ ಕಾಯುತ್ತಿದ್ದರು.

"ಇನ್ನೂ ಸಿನಿಮಾ ತೆಗೀತೀರಾ ಮೇಡಮ್ಮ?"

"ತೆಗೀತೀನಿ ಅಕ್ಕ."

"ಇನ್ಮೇಲೆ ಬಣ್ಣದ್ದೇ ತೆಗೀರಿ ಮಾರಾಯ್ರೇ. ನಮ್ಮ ಕೆಲಸನಾದ್ರೂ ಉಳೀತದೆ."

ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗಲಾಗಲಿಲ್ಲ. ಈಗ ಅವರಿಗೆ ದಿನಕ್ಕೊಂದು ತೋಟ. ರಜೆ ಇಲ್ಲ, ಮನೆ ಇಲ್ಲ. ತಂಗಿಯ ಮನೆಯ ಜಗಲಿಯಲ್ಲಿ ವಾಸ. ಕಾಯಂ ಕೆಲಸ ಮರಳಿ ಕೊಡಿಸಿ ಎಂದು ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿದ್ದರು. ತೋಟದವರ ಉತ್ತರ ಒಂದೇ ಸಾಲು: ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ. ಸುಳ್ಳೆಂದು ತೋರಿಸಲು ಅಕ್ಕನ ಬಳಿ ಒಂದು ಚೀಟಿಯೂ ಇಲ್ಲ.

"ಆವತ್ತಿನ ರೆಕಾರ್ಡಿಂಗ್ ನನ್ನ ಹತ್ರ ಇರಬೇಕು ಅಕ್ಕ, ಹುಡುಕ್ತೀನಿ," ಎಂದೆ. ಅಷ್ಟರಲ್ಲಿ ಜೀಪು ತಂದಿದ್ದ ಗುತ್ತಿಗೆದಾರ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ.

ವಾರ ತುಂಬುವುದರೊಳಗೆ ಅದೇ ತೋಟದವರು ಈಗ ನಡೆಸುವ ಹೋಂಸ್ಟೇಯಿಂದ ಫೋನು ಬಂತು. ಅತಿಥಿಗಳಿಗೆ ತೋರಿಸಲು ನನ್ನ ಹಳೆಯ ಚಿತ್ರೀಕರಣ ಅಷ್ಟೂ ಬೇಕಂತೆ, ಪ್ರತಿ ಮಾತ್ರ ನನ್ನಲ್ಲಿ ಉಳಿಯಬಾರದಂತೆ. ಇಷ್ಟು ವರ್ಷ ನೆನಪಾಗದ ಚಿತ್ರ ಆ ವಾರವೇ ನೆನಪಾದದ್ದು ಕಾಕತಾಳೀಯ ಎಂದು ನಂಬುವಷ್ಟು ಎಳೆಯಳಲ್ಲ ನಾನು.

ಹಾರ್ಡ್ ಡಿಸ್ಕ್ ಹುಡುಕಿ ಎಲ್ಲವನ್ನೂ ಕೇಳಿದೆ. ಎರಡನೆಯ ದಿನದ ಬೆಳಿಗ್ಗೆ ರೈಟರ್ ಕಾಯಂ ಆಳುಗಳ ಹಾಜರಿಯಲ್ಲಿ ಅಕ್ಕನ ಹೆಸರು ಕೂಗುವುದು ಅದರಲ್ಲಿದೆ. ಸಂಜೆ ಮೇಸ್ತ್ರಿ "ನಾಳೆಯಿಂದ ಬರ್ಬೇಡ" ಎಂದದ್ದೂ ಇದೆ. ನಡುವೆ, "ಯಾರಿಗೂ ಗೊತ್ತಾಗಲ್ಲ" ಎನ್ನುವ ನನ್ನ ದನಿಯೂ ಸ್ಪಷ್ಟವಾಗಿದೆ. ಕತ್ತರಿಸುವುದು ನನ್ನ ಕಸುಬು, ಇದನ್ನು ಕತ್ತರಿಸಲಿಲ್ಲ. ಅಧಿಕಾರಿಗೆ ಒಪ್ಪಿಸುವ ಮೊದಲು ಅಕ್ಕನ ಅನುಮತಿ ಕೇಳಿದೆ.

"ಆವತ್ತು ಕೇಳಿದ್ರಾ?" ಎಂದರು. ಆಮೇಲೆ, "ಕೊಡಿ. ಪೂರ್ತಿ ಕೊಡಿ," ಎಂದರು. ಕೊಟ್ಟಿದ್ದೇನೆ.

ತೋಟದ ಮಾಲೀಕರೇ, ನಿಮ್ಮನ್ನು ಕೇಳುವುದು ಇಷ್ಟು. ಈ ಸಲದ ಹಣ್ಣು ಕೊಯ್ಲು ಶುರುವಾಗುವ ಮೊದಲು, "ಸ್ವಂತ ಇಚ್ಛೆಯಿಂದ" ಎಂಬ ನಿಮ್ಮ ಉತ್ತರವನ್ನು ಅಧಿಕಾರಿಯ ಮುಂದೆ ಲಿಖಿತವಾಗಿ ಹಿಂತೆಗೆದುಕೊಳ್ಳಿ. ಕೆಲಸದಿಂದ ತೆಗೆದದ್ದು ನೀವೇ ಎಂದು ಒಪ್ಪಿಕೊಳ್ಳಿ. ನಡುವಿನ ವರ್ಷಗಳನ್ನೂ ಸೇವೆಗೆ ಸೇರಿಸಿ ಅಕ್ಕನನ್ನು ಕಾಯಂ ಕೆಲಸಕ್ಕೆ ಕರೆಯಿರಿ, ಮತ್ತು ಲೈನ್ ಮನೆಯ ಬೀಗದ ಕೈಯನ್ನು ರೈಟರ್ ಮೂಲಕ ಕಳಿಸದೆ ನೀವೇ ಅವರ ಕೈಗೆ ಕೊಡಿ.