ಜೂನ್ ಒಂದರ ಕೀಲಿಕೈ

ಅಕ್ಷರ ಸೊಟ್ಟಗಿವೆ, ಮಾತೂ ಅಷ್ಟು ನೆಟ್ಟಗಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟ ಕೈಯ ಬರಹ ಇದು; ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಳುವುದು ಅಣ್ಣಿಗೇರಿಯ ಗೌರಕ್ಕನ ಕಥೆ.

ಗೌರಕ್ಕ ಖಡಕ್ ರೊಟ್ಟಿ ಬಡಿದು ಮಾರುವವಳು. ಆ ಬಡಿತದ ಸದ್ದಿಗೇ ಓಣಿಗೆ ಬೆಳಗಾಗುತ್ತಿತ್ತು. ಈಗ ಸದ್ದು ನಿಂತಿತ್ತು. ಲ್ಯಾಬಿನವರು ಫೋನಿಗೆ ಕಳಿಸಿದ ರಕ್ತದ ರಿಪೋರ್ಟಿನಲ್ಲಿ ಒಂದು ಅಂಕಿ ಕೆಂಪಗಿತ್ತು. ಅದನ್ನು ನೋಡಿದ ಔಷಧದ ಅಂಗಡಿಯವನು, "ಕಿಡ್ನಿ ಸೋತಂಗ ಕಾಣಸ್ತೈತ್ರಿ, ಹುಬ್ಬಳ್ಳಿಗೆ ದೊಡ್ಡ ಡಾಕ್ಟರ ಕಡೆ ಹೋಗ್ರಿ" ಅಂದುಬಿಟ್ಟಿದ್ದ. ಅಂದಿನಿಂದ ಗೌರಕ್ಕ ಉಪ್ಪು, ಉಪ್ಪಿನಕಾಯಿ ಬಿಟ್ಟಿದ್ದಳು.

ಹುಬ್ಬಳ್ಳಿಯ ಆಸ್ಪತ್ರೆಯವರು ಹಳೆಯ, ಹೊಸ ರಿಪೋರ್ಟುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಒಂದೇ ಪಿಡಿಎಫ್ ಮಾಡಿ ತರಲು ಹೇಳಿದ್ದರು. ಆದರೆ ಒಂದೊಂದು ಫೈಲಿಗೂ ಪಾಸ್‌ವರ್ಡು. ಹುಟ್ಟಿದ ತಾರೀಕು ಹಾಕಿದರೆ ಓದಲು ತೆರೆಯುತ್ತಿತ್ತು. ಹಾಳೆ ಹಿಂದೆಮುಂದೆ ಮಾಡಲು ಬಿಡುತ್ತಿರಲಿಲ್ಲ. ಸಂಜೆ ಸೊಸೆ ಅಮೃತಾ ತನ್ನ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕೂತಳು. ಪಕ್ಕದಲ್ಲಿ ಗೌರಕ್ಕ ಸೆರಗಿನ ತುದಿ ತಿರುಚುತ್ತಿದ್ದಳು.

"ಕೀಲಿ ಮುರದರ ಪೊಲೀಸರು ಬರತಾರೇನ?"

"ಮುರಿಯೂದಲ್ರಿ ಅತ್ತಿ. ಕೀಲಿಕೈ ನಮ್ಮ ಕಡೇನ ಐತಿ. ತಗದು, ಕೀಲಿ ಇಲ್ಲದ ನಕಲೊಂದು ಇಟ್ಕೊಳ್ಳೂದು. ನಮ್ಮ ಕಾಗದ, ನಮಗಷ್ಟ."

"ಅಂಕಿ ಗಿಂಕಿ ಅಳಿಸಿ ಹೋದಾವು."

"ಆ ಕೆಂಪ ಅಂಕಿ ಹೋದ್ರ ಚಲೋನ ಆತಲ್ರಿ!"

ಗೌರಕ್ಕ ನಗಲಿಲ್ಲ. ಅಷ್ಟರಲ್ಲಿ ತಿರ್ಲಾಪುರದ ಮಲಿಕಾಬಿಯ ಫೋನು ಬಂತು. ತವರಿನ ಶಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕೂತು ಕಲಿತವರು ಇಬ್ಬರೂ. ರಕ್ತ ಪರೀಕ್ಷೆಗೂ ಕೂಡಿಯೇ ಹೋಗಿದ್ದರು.

"ಏನ ಬೇ ಗೌರಿ, ಉಪ್ಪ ಬಿಟ್ಟೇನ? ನನ್ನ ರಿಪೋರ್ಟ ಅಗದಿ ಚಲೋ ಬಂದೈತಿ ನೋಡ. ಕಾಲಷ್ಟ ಬಾತಾವು, ಹತ್ತಿ ಹೊಲದಾಗ ನಿಂತು ನಿಂತು. ನಿನ್ನ ಪಾಲಿನ ಉಪ್ಪಿನಕಾಯಿನೂ ನಾನ ತಿಂತೇನಿ, ಚಿಂತಿ ಮಾಡಬ್ಯಾಡ!"

ಅಮೃತಾ ಒಂದೊಂದೇ ಫೈಲು ತೆರೆದು, ನಕಲು ತೆಗೆದು, ಹೆಸರು ಕೊಟ್ಟು ಇಡುತ್ತಿದ್ದಳು. ಕೊನೆಯದು ಆ ಕೆಂಪು ಅಂಕಿಯ ಹಾಳೆ. ಅಡ್ಡಡ್ಡ ಬಿದ್ದಿತ್ತು. ತಿರುಗಿಸಿ ನೆಟ್ಟಗೆ ಮಾಡಿದಳು. ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿದಳು, ಮತ್ತೆ ಓದಿದಳು.

"ಅತ್ತಿ, ಇದು ನಿಮ್ಮದಲ್ರಿ. ಮಲಿಕಾಬಿ, ತಿರ್ಲಾಪುರ ಅಂತ ಐತಿ."

"ಹುಚ್ಚಿ! ನನ್ನ ತಾರೀಕಿಗೇ ತೆರೀತಲ್ಲ?"

ಹಾಗೆಂದ ಮೇಲೆ ಗೌರಕ್ಕನಿಗೆ ಆ ತಾರೀಕಿನ ಕಥೆ ನೆನಪಾಯಿತು. ಅವಳು ಹುಟ್ಟಿದ್ದು ಹತ್ತಿ ಬಿಡಿಸುವ ಕಾಲಕ್ಕೆ ಎಂದು ಅವ್ವ ಹೇಳುತ್ತಿದ್ದಳು. ಆದರೆ ಶಾಲೆಗೆ ಹೆಸರು ಹಚ್ಚಿದ ದಿನ ಮಾಸ್ತರರು ಯಾರನ್ನೂ ಕೇಳದೆ, ಸಾಲಾಗಿ ನಿಂತ ಮಕ್ಕಳಿಗೆಲ್ಲ ಜೂನ್ ಒಂದು ಎಂದು ಬರೆದಿದ್ದರು. ಅವಳ ಬಾಜೂಕ್ಕೆ ಮೂಗು ಸೋರಿಸುತ್ತ ನಿಂತಿದ್ದವಳು ಮಲಿಕಾಬಿ. ಇಸವಿಯೂ ಒಂದೇ. ಕೀಲಿ ತೆರೆಯಿತಲ್ಲ, ಮನೆ ನಮ್ಮದೇ ಎಂದುಕೊಂಡು ಹೆಸರನ್ನು ಯಾರೂ ನೋಡಿರಲೇ ಇಲ್ಲ.

ಅಮೃತಾ ಲ್ಯಾಬಿಗೆ ಫೋನು ಹಚ್ಚಿ ರಿಪೋರ್ಟಿನ ನಂಬರು ಹೇಳಿದಳು. ಆ ಕಡೆಯ ಹುಡುಗಿ ಬಹಳ ಹೊತ್ತು ಹುಡುಕಿ, ಸಣ್ಣ ದನಿಯಲ್ಲಿ, "ಒಬ್ಬರದು ಒಬ್ಬರ ಫೋನಿಗೆ ಅದಲಿಬದಲಿ ಹೋಗ್ಯಾವ್ರಿ" ಎಂದಳು.

ಗೌರಕ್ಕನ ಎದೆಯ ಮೇಲಿನ ಕಲ್ಲು ಜಾರಿತು. ಮರುಗಳಿಗೆಯೇ ಮಲಿಕಾಬಿಯ ಬಾತ ಕಾಲು, ಉಪ್ಪಿನಕಾಯಿ, ಆ ನಗೆಮಾತು ನೆನಪಾದವು. ತನಗಾಗಿಯೂ ಅವಳು ಇಷ್ಟು ಹೆದರಿರಲಿಲ್ಲ.

"ಅವರಿಗೆ ಫೋನ್ ಹಚ್ಚಲೇನ್ರಿ ಅತ್ತಿ?"

"ಉಪ್ಪಿನಕಾಯಿ ಮುಟ್ಟಬ್ಯಾಡ, ನಾ ಬರೂತನಕ ತಡಿ ಅಂತಷ್ಟ ಹೇಳು. ಉಳದದ್ದು ಬಾಜೂಕ ಕುಂತು ಹೇಳೂ ಮಾತು."

ಅಮೃತಾ ಆ ಹಾಳೆಯನ್ನು ಅತ್ತೆಯ ಫೈಲಿಗೆ ಸೇರಿಸದೆ, ಮಲಿಕಾಬಿಯ ಹೆಸರು ಕೊಟ್ಟು ಬೇರೆ ಇಟ್ಟಳು. ನಾಳೆ ಮೊದಲ ಬಸ್ಸಿಗೆ ಗೌರಕ್ಕ ತಿರ್ಲಾಪುರಕ್ಕೆ ಹೋಗುತ್ತಾಳೆ. ಅಲ್ಲಿಂದ ಮಲಿಕಾಬಿಯನ್ನು ಕರೆದುಕೊಂಡು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಹೋಗುತ್ತಾಳೆ.