ಅರಳಿಮರ ಸುತ್ತುವ ಸರದಿ

ಗೆಳತಿಯರೇ, ಇವತ್ತಿನ ವಿಷಯ ಹೇಳುವುದಕ್ಕೆಂದೇ ಸೈಬರ್ ಸೆಂಟರಿಗೆ ಬಂದು ಕೂತಿದ್ದೇನೆ. ನಮ್ಮ ಪ್ರನಾಳ ಶಿಶು ಚಿಕಿತ್ಸೆ ಎರಡನೇ ಸಲವೂ ಕೈಕೊಟ್ಟಿದೆ. ಬೆಳಗ್ಗೆ ಹೊಸ ಡಾಕ್ಟರಮ್ಮ ಫೈಲು ತಿರುವಿ ಕೇಳಿದರು, "ಯಜಮಾನ್ರ ವಯಸ್ಸೇ ಬರೆದಿಲ್ವಲ್ಲ?"

ನಮ್ಮತ್ತೆ ನಡುವೆ ಬಾಯಿ ಹಾಕಿದರು. "ಗಂಡಸ್ರ ವಯಸ್ಸು ಯಾಕೆ ಡಾಕ್ಟ್ರೇ? ಏನಿದ್ರೂ ಇವಳ್ದೇ ದೋಷ."

"ನಲವತ್ತೊಂಬತ್ತು" ಎಂದೆ ನಾನು. ನನಗೆ ಮೂವತ್ತು.

"ಅದೂ ಲೆಕ್ಕಕ್ಕೆ ಬರುತ್ತೆ ಕಣಮ್ಮ. ವಯಸ್ಸಾದಂಗೆ ಗಂಡಸ್ರ ವೀರ್ಯದ ಗುಣಾನೂ ಕಮ್ಮಿ ಆಗ್ಬೋದು. ಬರೀ ಹುಡುಗಿ ಮೇಲೆ ಹಾಕ್ಬೇಡಿ" ಎಂದರು ಡಾಕ್ಟರಮ್ಮ. ನಮ್ಮವರು ಬಣ್ಣ ಹಚ್ಚಿದ ಮೀಸೆ ಸವರಿಕೊಂಡು ಗೋಡೆ ನೋಡುತ್ತಾ ಕುಳಿತರು.

ಸಂಜೆ ಅತ್ತೆ ಏನೂ ನಡೆದೇ ಇಲ್ಲವೆಂಬಂತೆ ತಾಮ್ರದ ಚೊಂಬು ತಂದು ನನ್ನ ಮುಂದಿಟ್ಟರು. "ನಾಳೆಯಿಂದ ಇನ್ನೊಂದು ನಲವತ್ತೆಂಟು ದಿನ ಅರಳಿಮರ ಸುತ್ಬುಡಮ್ಮ."

ಮಗುವಿಗಾಗಿ ಒದ್ದೆ ಸೀರೆಯಲ್ಲಿ ಆ ಮರ ಸುತ್ತುತ್ತಿರುವುದು ಎರಡು ವರ್ಷದಿಂದ ನಾನೊಬ್ಬಳೇ. ಚೊಂಬನ್ನೆತ್ತಿ ನಮ್ಮವರ ಕೈಗೆ ಕೊಟ್ಟೆ. "ಈ ಸಲ ನಿಮ್ಮ ಸರದಿ."

"ಜನ ಏನಂದ್ಕೋತಾರೆ ಕಣೇ?"

"ನಾನು ಸುತ್ತೋವಾಗ ಏನಂದ್ಕೊಂಡ್ರೋ ಅದನ್ನೇ ಕಣ್ರೀ."

ಶ್ರೀರಾಂಪುರದ ಕಡೆಯವರೇ, ನಾಳೆ ಬೆಳಗ್ಗೆ ಆರಕ್ಕೆ ಅರಳಿಕಟ್ಟೆಯಲ್ಲಿ ಒದ್ದೆ ಪಂಚೆಯುಟ್ಟ ಗಂಡಸೊಬ್ಬರು ಕಂಡರೆ ನಗಬೇಡಿ. ಪಕ್ಕಕ್ಕೆ ಸರಿದು ದಾರಿ ಬಿಡಿ. ಪಾಪ, ಅವರಿಗೆ ವಯಸ್ಸಾಗಿದೆ.