ಸೂಜಿಯಿಂದ ಹೊಲಿದ ಸೆರಗು

ಕಂಪನಿ ಸರಕಾರದ ಕಾಲದ ಕಾದಂಬರಿ ಎಂದರೆ ನನಗೆ ಮೊದಲಿನಿಂದಲೂ ಹುಚ್ಚು. ಕುದುರೆ ಮೇಲಿನ ಸಾಹೇಬ, ಊರ ಅಗಸಿ ಬಾಗಿಲಲ್ಲಿ ಡಂಗುರ, ಹಿತ್ತಲ ಬಾಗಿಲಿನಿಂದ ಪಾರಾಗುವ ಬಂಡುಕೋರ, ಇಷ್ಟಿದ್ದರೆ ಮುಗಿಯಿತು, ಒಲೆಯ ಮೇಲೆ ಹಾಲು ಉಕ್ಕಿದರೂ ನನಗೆ ಖಬರಿರುವುದಿಲ್ಲ. ಬಾಗಲಕೋಟೆಯಲ್ಲಿ ಹಳೆಯ ಪುಸ್ತಕ ಮಾರುವವನ ಗಾಡಿಯಲ್ಲಿ ಸಿಕ್ಕ ಆ ಕಾದಂಬರಿಗೆ ರಟ್ಟಿರಲಿಲ್ಲ, ಬರೆದವರ ಹೆಸರೂ ಇರಲಿಲ್ಲ. ಆದರೆ ಕಥೆ ಇಳಕಲ್ಲಿನ ಒಬ್ಬ ನೇಕಾರನದು. ಇಳಕಲ್ಲಿನಲ್ಲೇ ಇರುವ ನನ್ನ ದೊಡ್ಡವ್ವನಿಗೆ, ಅಂದರೆ ನಮ್ಮವ್ವನ ಅಕ್ಕನಿಗೆ, ಓದಿ ಹೇಳಬೇಕೆಂದು ಕೊಂಡು ತಂದೆ.

ದೊಡ್ಡವ್ವ ಎಂಬತ್ತು ದಾಟಿದವಳು. ಕಣ್ಣಿಗೆ ಎಳೆ ಕಾಣದಂತಾದ ಮೇಲೆ ಮಗ್ಗದ ಕೆಲಸ ಬಿಟ್ಟಿದ್ದಳು. ಅವಳಿಗೆ ಮೂರು ವರ್ಷವಿದ್ದಾಗ, ಬಿಳಿಯರ ರಾಜ್ಯದ ಕೊನೆಗಾಲದಲ್ಲಿ, ಪೊಲೀಸರು ಬಂದು ಅವಳ ಅಪ್ಪನನ್ನು ಮಗ್ಗದಿಂದ ಎಬ್ಬಿಸಿ ಕರೆದುಕೊಂಡು ಹೋದರಂತೆ. ಆತ ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ನಮ್ಮವ್ವ ಆಗಿನ್ನೂ ಹೊಟ್ಟೆಯಲ್ಲಿದ್ದಳು, ಅವಳ ಪಾಲಿಗೆ ಅಪ್ಪ ಅನ್ನುವುದು ಬರೀ ಒಂದು ಮಾತು. ದೊಡ್ಡವ್ವನಿಗೆ ಮಾತ್ರ ಆತನ ಹೆಗಲ ಮೇಲೆ ಕೂತದ್ದು ನೆನಪಿದೆ.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಓದು. ಬೆಳಕಿಂಡಿಯ ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಪಕ್ಕದ ಮನೆಯ ಮಗ್ಗ ಟಕ್ ಟಕ್ ಎನ್ನುತ್ತಿತ್ತು. ಓದುತ್ತ ಓದುತ್ತ ನನಗೇ ಜೊಂಪು ಹತ್ತಿ, ಅದು ಕಂಪನಿಯ ಕುದುರೆಗಳ ಸದ್ದು ಅನಿಸಿ, ಎಷ್ಟೋ ಸಲ ಬಾಗಿಲ ಕಡೆ ನೋಡಿದ್ದೇನೆ. ಓಣಿಯಲ್ಲಿ ಯಾವುದೋ ಮೋಟಾರ್ ಸೈಕಲ್ ಹೋಗಿ ಎಚ್ಚರವಾಗುತ್ತಿತ್ತು.

ಆದರೆ ದೊಡ್ಡವ್ವ ನಿದ್ದೆ ಮಾಡುವ ಪೈಕಿ ಅಲ್ಲ. ಮೂರನೆಯ ರವಿವಾರವೇ ಜಗಳ ತೆಗೆದಳು. ಕಾದಂಬರಿಯ ನೇಕಾರನ ಹೆಂಡತಿ ನೇಯ್ದ ಸೀರೆಗೆ ಸೆರಗನ್ನು ಸೂಜಿಯಿಂದ ಹೊಲಿಯುತ್ತ ಕೂತಿದ್ದಳು.

"ತಡಿ, ತಡಿ. ಏನಂದಿ? ಸೂಜೀಲೆ ಹೊಲ್ಯಾಕ ಹತ್ತ್ಯಾಳ? ಅಕಿ ಏನ್ ಕೌದಿ ಹೊಲ್ಯಾಕ ಕುಂತಾಳೇನು?"

"ಬರದಾವ್ರಿಗೆ ಗೊತ್ತಿಲ್ಲ ಬಿಡ ದೊಡ್ಡವ್ವ."

"ಗೊತ್ತಿರಲಿಲ್ಲಂದ್ರ ಬಂದು ಕೇಳಬೇಕಿತ್ತು. ನಾವೇನ್ ಸತ್ತಿದ್ವೇನು?"

ಅವಳ ಸಿಟ್ಟು ಸುಮ್ಮನೆ ಅಲ್ಲ. ಇಳಕಲ್ ಸೀರೆಯ ಸೆರಗನ್ನು ಯಾರೂ ಹೊಲಿಯುವುದಿಲ್ಲ. ನೇಯುವ ಮೊದಲೇ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಮಗ್ಗದಲ್ಲೇ ಕೂಡಿಸುತ್ತಾರೆ. ದೊಡ್ಡವ್ವ ಜೀವಮಾನವೆಲ್ಲ ಮಾಡಿದ ಕೆಲಸ ಅದು. ನಾನು ಚಿಕ್ಕವಳಿದ್ದಾಗ ಅವಳ ಪಕ್ಕ ಕೂತು ನೋಡಿ ನೋಡಿ ಕಲಿತಿದ್ದೆ. ಕಾದಂಬರಿಕಾರ ಮಾತ್ರ ಆ ಹೆಂಗಸಿನ ಕೈಗೆ ಪುಟಪುಟಕ್ಕೂ ಸೂಜಿ ಕೊಡುತ್ತಿದ್ದ, ದೊಡ್ಡವ್ವ ಪುಟಪುಟಕ್ಕೂ ಬೈಯುತ್ತಿದ್ದಳು.

ಬೈಯುತ್ತಲೇ ಕಿವಿಗೊಟ್ಟು ಕೇಳಿದಳು. ಯಾಕೆಂದರೆ ಕಥೆಯಲ್ಲಿ ಕಂಪನಿಯವರು ನೇಕಾರನಿಗೆ ಬೇಡಿ ಹಾಕಿ ಒಯ್ದಿದ್ದರು.

"ಅಂವಾ ಬರ್ತಾನಿಲ್ಲೋ? ಅಷ್ಟ ಹೇಳು."

"ಮುಂದಿನ ವಾರ ಗೊತ್ತಾಗತೈತಿ ದೊಡ್ಡವ್ವ."

ಆ ರಾತ್ರಿಯೇ ಬಾಗಲಕೋಟೆಯ ಮನೆಗೆ ಬಂದು ಕಡೆಯ ಪುಟ ತಿರುವಿದೆ. ಹೆಂಡತಿ ಕೂತಿದ್ದಾಳೆ, ಹೊರಗೆ ಹೆಜ್ಜೆಯ ಸದ್ದಾಗುತ್ತದೆ, ಅಲ್ಲಿಗೆ ಪುಸ್ತಕ ಖಲಾಸ್. ಉಳಿದ ಹಾಳೆಗಳು ಕಿತ್ತುಹೋಗಿದ್ದವು. ಅಯ್ಯ ನನ್ನ ಕರ್ಮವೇ! ಮಾರಿದವನ ಮೇಲೆ, ಕಿತ್ತವನ ಮೇಲೆ, ಮೊದಲೇ ನೋಡದ ನನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ತನ್ನ ಅಪ್ಪ ಏನಾದನೆಂದು ತಿಳಿಯದೆಯೇ ಮುದುಕಿಯಾದವಳಿಗೆ ಇನ್ನೊಬ್ಬನ ಕಥೆಯೂ ಗೊತ್ತಿಲ್ಲ ಎಂದು ಯಾವ ಬಾಯಿಯಿಂದ ಹೇಳಲಿ?

ಮುಂದಿನ ರವಿವಾರ ಬಸ್ಸಿನಲ್ಲಿ ಕೂತು ಕಥೆಯ ಕೊನೆಯನ್ನು ನಾನೇ ಬರೆದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡು, ಅದರ ಜಿಡ್ಡು ಹತ್ತಿದ ಕೈಯಲ್ಲೇ ನೇಕಾರನನ್ನು ಸೆರೆಮನೆಯಿಂದ ಬಿಡಿಸಿದೆ. ಹುನಗುಂದ ಬರುವಷ್ಟರಲ್ಲಿ ಅವನು ಊರ ಹಾದಿಯಲ್ಲಿದ್ದ. ಕಿಟಕಿಯಾಚೆ ಎರೆಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು, ಯಾರೋ ಒಬ್ಬ ಗಂಡಸು ಬದುವಿನ ಮೇಲೆ ಒಬ್ಬನೇ ನಡೆದು ಬರುತ್ತಿದ್ದ, ನಾನು ಅವನನ್ನೇ ಬರೆಯುತ್ತಿದ್ದೇನೆ ಅನಿಸಿತು. ಇಳಕಲ್ಲಿನಲ್ಲಿ ಇಳಿದಾಗ ನನಗೆ ಭಾಳ ಖುಷಿಯಾಗಿತ್ತು.

ಹಾಳೆಗಳನ್ನು ಪುಸ್ತಕದಲ್ಲಿಟ್ಟು, ಅದೇ ದನಿಯಲ್ಲಿ ಓದಿದೆ. ನೇಕಾರನ ಹೆಂಡತಿ ಒಡಲಿನ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕುತ್ತ ಕೂತಿದ್ದಳು. ಕಡೆಯ ಕೊಂಡಿ ಬಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಗಂಡ ಬಂದಿದ್ದ.

ದೊಡ್ಡವ್ವನ ಬೆರಳುಗಳು ತನ್ನ ಸೆರಗಿನ ಕುಚ್ಚಿನಲ್ಲಿ ನಿಂತವು.

"ಇದು ಅಂವಾ ಬರದದ್ದಲ್ಲ."

"ಯಾಕ ದೊಡ್ಡವ್ವ?"

"ಇಡೀ ಪುಸ್ತಕದಾಗ ಸೂಜಿ ಹಿಡಕೊಂಡ ಕುಂತಾಕಿ, ಕೊಂಡಿ ಹಾಕೂದು ಯಾವಾಗ ಕಲತಳು? ಇದು ನೀನ ಬರದೀ."

ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಕೂತೆ. ನಾಚಿಕೆಯಾಯಿತು, ಅಳುವೂ ಬಂತು. ಪುಸ್ತಕಕ್ಕೆ ಕಡೆಯ ಹಾಳೆಗಳೇ ಇಲ್ಲ, ಅವನು ಬಂದನೋ ಇಲ್ಲವೋ ನನಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು. ದೊಡ್ಡವ್ವ ಕೈ ಚಾಚಿ ಪುಸ್ತಕದ ಕಿತ್ತ ಅಂಚನ್ನು ಸವರಿ ನೋಡಿದಳು.

"ಅಂವಾ ಬರಲಿಲ್ಲಂತ ಎಲ್ಲೂ ಬರದಿಲ್ಲಲಾ?"

"ಇಲ್ಲ ದೊಡ್ಡವ್ವ."

"ಹಂಗಾರ ಪೆನ್ನು ತಗಿ. ಅಕಿ ಹೊಟ್ಟ್ಯಾಗ ಒಂದು ಕೂಸು ಇತ್ತಂತ ಬರಿ. ಮನ್ಯಾಗ ಮೂರು ವರ್ಷದ ಹುಡಿಗಿ ಒಬ್ಬಾಕಿ ಇದ್ದಳಂತ ಬರಿ."

ಬರೆದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಬರದ್ಯಾ? ಈಗ ಅಂವಾ ಬಾಗಲ ಬಡೀಲಿ. ಆ ಹುಡಿಗಿ ಹೋಗಿ ತಗೀಲಿ."